ತೊಟ್ಟಿಯ ಕಾಯಿಲೆ ತೊರೆಗೆ ಹರಿಯದಿರಲಿ

ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಆಕ್ಸೊಲಾಟ್ಲ್‌ಗಳಿದ್ದವು. 2014ರ ಸಮೀಕ್ಷೆಯ ವೇಳೆಗೆ ಉಳಿದದ್ದು 36. ಬೆಳೆದ ಮೇಲೂ ಗರಿಯಂತಹ ಹೊರಕಿವಿರುಗಳನ್ನು ಉಳಿಸಿಕೊಂಡು ಬದುಕಿಡೀ ನೀರಿನಲ್ಲಿಯೇ ಇರುವ ಈ ಉಭಯವಾಸಿಯನ್ನು ನಗರದ ಕೊಳಚೆಯೂ, ಹೊರಗಿನಿಂದ ತಂದುಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳೂ ತವರಿನಲ್ಲಿ ಅಳಿವಿನಂಚಿಗೆ ತಳ್ಳಿದವು. ಅದೇ ಪ್ರಾಣಿ ಇಂದು ಜಗತ್ತಿನ ಗಾಜಿನ ತೊಟ್ಟಿಗಳಲ್ಲಿ ಸಾಕುಪ್ರಾಣಿಯಾಗಿ ಲೆಕ್ಕವಿಲ್ಲದಷ್ಟಿದೆ. ನಮ್ಮ ದೇಶದ ಮಹಾನಗರಗಳ ಮಾರುಕಟ್ಟೆಗೂ ಅದು ಬಂದಿದೆ.

ಇಂತಹ ಪ್ರಾಣಿಯನ್ನು ಕೊಂಡು ಸಾಕುವುದನ್ನು ಈ ಪತ್ರಿಕೆ ಪ್ರೋತ್ಸಾಹಿಸುವುದಿಲ್ಲ. ಆದರೆ ಈಗಾಗಲೇ ಮನೆಗೆ ಬಂದ ಜೀವವೊಂದು ನರಳುತ್ತಿರುವಾಗ ಸಾಕಿದವರಿಗೆ ಉಪದೇಶ ಮಾಡುತ್ತ ಕೂರುವುದು ಸಲ್ಲದು. ಅದರ ಕಾಯಿಲೆಯನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮಾಡಬೇಕಾದದ್ದೇನು, ಮಾಡಬಾರದ್ದೇನು ಎಂಬುದು ಓದಲು ಪಟ್ಟಣಕ್ಕೆ ಹೋಗಿರುವ ನಮ್ಮ ವಿದ್ಯಾರ್ಥಿಗಳಿಗೂ, ಹಳ್ಳದ ದಡದಲ್ಲಿ ಬದುಕುವ ನಮಗೂ ತಿಳಿದಿರಬೇಕು.

ಬೆಳೆದ ಆಕ್ಸೊಲಾಟ್ಲ್ ಎರಡು ಮೂರು ದಿನಕ್ಕೊಮ್ಮೆ ತಿನ್ನುವ ಪ್ರಾಣಿ. ಒಂದು ಹೊತ್ತು ಆಹಾರ ಬಿಟ್ಟ ಮಾತ್ರಕ್ಕೆ ಗಾಬರಿ ಬೇಡ. ಆದರೆ ದಿನಗಟ್ಟಲೆ ಬಾಯಿ ತೆರೆಯದಿರುವುದು, ಕಿವಿರಿನ ಎಳೆಗಳು ಕುಗ್ಗಿ ಬಿಳಚಿಕೊಳ್ಳುವುದು, ಕಿವಿರುಗಳು ಸದಾ ಮುಂದಕ್ಕೆ ಬಾಗಿರುವುದು, ಬಾಲದ ತುದಿ ಕೊಕ್ಕೆಯಂತೆ ಸುರುಟಿಕೊಳ್ಳುವುದು, ಚರ್ಮ ಸುಲಿಯುವುದು, ಕಿವಿರಿನ ಮೇಲೋ ಗಾಯದ ಮೇಲೋ ಹತ್ತಿಯಂತಹ ಬಿಳಿ ಬೂಷ್ಟು ಮೂಡುವುದು, ಇವೆಲ್ಲ ಎಚ್ಚರಿಕೆಯ ಚಿಹ್ನೆಗಳು. ಮೈ ಊದಿಕೊಳ್ಳುವುದು, ಚರ್ಮದಲ್ಲಿ ರಕ್ತ ಕಟ್ಟಿದಂತೆ ಕೆಂಪು ಕಾಣುವುದು, ತಳಕ್ಕಿಳಿಯಲಾರದೆ ತೇಲುತ್ತ ಮಗುಚಿಕೊಳ್ಳುವುದು, ಮುಟ್ಟಿದರೂ ಮಿಸುಕದಿರುವುದು ಕಂಡರೆ ಒಂದು ದಿನವೂ ಕಾಯದೆ ಪಶುವೈದ್ಯರನ್ನು ಕಾಣಬೇಕು. ಕಡಿದುಹೋದ ಕಾಲು ಮತ್ತೆ ಬೆಳೆಯುತ್ತದೆಂಬ ಖ್ಯಾತಿಯಿಂದಾಗಿ ಈ ಪ್ರಾಣಿಗೆ ಏನಾದರೂ ವಾಸಿಯಾಗುತ್ತದೆಂಬ ಭ್ರಮೆ ಹಬ್ಬಿದೆ. ಕಾಲು ಬೆಳೆಸಿಕೊಳ್ಳಬಲ್ಲ ದೇಹಕ್ಕೂ ಕೆಟ್ಟ ನೀರನ್ನು ತಾಳಿಕೊಳ್ಳುವ ಶಕ್ತಿಯಿಲ್ಲ.

ಏಕೆಂದರೆ ಈ ಪ್ರಾಣಿಯ ಕಾಯಿಲೆಗಳಲ್ಲಿ ಹೆಚ್ಚಿನವುಗಳ ಬೇರು ಇರುವುದು ನೀರಿನಲ್ಲಿ. ಆದ್ದರಿಂದ ಔಷಧಕ್ಕೆ ಮೊದಲು ನೀರನ್ನು ಪರೀಕ್ಷಿಸಬೇಕು. ನೀರಿನ ಉಷ್ಣಾಂಶ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. 24 ದಾಟಿದರೆ ಅಪಾಯ. ಹಾಗಾಗಿ ನಮ್ಮ ಊರುಗಳ ಬೇಸಿಗೆಯನ್ನು, ತಂಪುಗೊಳಿಸುವ ಯಂತ್ರವಿಲ್ಲದೆ ಅದು ನೆಮ್ಮದಿಯಿಂದ ಕಳೆಯಲಾರದು. ಅದರದೇ ಮಲಮೂತ್ರದಿಂದ ಹುಟ್ಟುವ ಅಮೋನಿಯ ಮತ್ತು ನೈಟ್ರೈಟ್‌ಗಳ ಪ್ರಮಾಣ ಸೊನ್ನೆಯಲ್ಲಿರಬೇಕು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆಂದಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ದ್ರಾವಣಗಳಿಂದಲೇ ಅದು ತಿಳಿಯತಕ್ಕದ್ದು. ತೊಟ್ಟಿಯ ತಳದಲ್ಲಿ ಸಣ್ಣ ಕಲ್ಲುಗಳಿದ್ದರೆ ಪ್ರಾಣಿ ಅವನ್ನು ನುಂಗಿ ಕರುಳು ಕಟ್ಟಿಕೊಂಡಿರುವ ಸಾಧ್ಯತೆಯನ್ನೂ ನೆನೆಯಬೇಕು.

ಕಾಯಿಲೆ ಖಚಿತವೆನಿಸಿದಾಗ ಪ್ರಾಣಿಯನ್ನು ಕ್ಲೋರಿನ್ ತೆಗೆದ ತಂಪು ನೀರಿನ ಬೇರೊಂದು ಪಾತ್ರೆಯಲ್ಲಿ, ಮಂದ ಬೆಳಕಿನಲ್ಲಿ ಇರಿಸುವುದು ಮೊದಲ ಉಪಚಾರ. ಆ ನೀರನ್ನು ದಿನಕ್ಕೊಮ್ಮೆ ಪೂರ್ತಿಯಾಗಿ, ಅದೇ ಉಷ್ಣಾಂಶದ ನೀರಿನಿಂದ ಬದಲಿಸಬೇಕು. ಮಂಜುಗಡ್ಡೆ ಸುರಿದು ಒಮ್ಮೆಲೇ ತಣಿಸುವುದು ಇನ್ನೊಂದು ಆಘಾತವಾಗುತ್ತದೆ. ಮೀನಿನ ಔಷಧಗಳನ್ನು ಅಂದಾಜಿನಲ್ಲಿ ಹಾಕಲೇಬಾರದು. ಉಭಯವಾಸಿಯ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮೀನಿಗೆ ಮದ್ದಾದ ತಾಮ್ರ ಇದಕ್ಕೆ ವಿಷವಾದೀತು. ಉಪ್ಪುನೀರಿನ ಸ್ನಾನವೂ ವೈದ್ಯರ ಸಲಹೆಯಂತೆಯೇ ಆಗಬೇಕು. ಕಾಯಿಲೆ ಶುರುವಾದ ದಿನ, ಕಡೆಯದಾಗಿ ತಿಂದ ಆಹಾರ, ನೀರಿನ ಅಳತೆಗಳು, ಇವನ್ನು ಬರೆದುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ.

ಇನ್ನು ಈ ಪತ್ರಿಕೆ ಒತ್ತಿ ಹೇಳಬೇಕಾದ ಮಾತು. ಗುಣವಾಗದ ಪ್ರಾಣಿಯನ್ನು "ಪಾಪ, ಎಲ್ಲಾದರೂ ಬದುಕಿಕೊಳ್ಳಲಿ" ಎಂದು ಹಳ್ಳಕ್ಕೋ ಕೆರೆಗೋ ಬಿಡುವುದು ಕರುಣೆಯಲ್ಲ. ಉಭಯವಾಸಿಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರದಿಂದ ಜಗತ್ತಿನಲ್ಲಿ ಕನಿಷ್ಠ 501 ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಬಹುತೇಕ ನಿರ್ನಾಮವಾಗಿವೆ ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಮೇಲೆ ಹೇಳಿದ ಹತ್ತಿಯಂತಹ ಬೂಷ್ಟು ಬೇರೆ, ಈ ಶಿಲೀಂಧ್ರ ಬೇರೆ. ಇದು ಕಣ್ಣಿಗೆ ಕಾಣದು, ಆರೋಗ್ಯವಾಗಿ ತೋರುವ ಆಕ್ಸೊಲಾಟ್ಲ್ ಕೂಡ ಇದನ್ನು ಹೊತ್ತಿರಬಹುದು. ಖಂಡದಿಂದ ಖಂಡಕ್ಕೆ ಇದನ್ನು ಸಾಗಿಸಿದ್ದರಲ್ಲಿ ಉಭಯವಾಸಿಗಳ ವ್ಯಾಪಾರದ ಪಾಲು ದೊಡ್ಡದು. ಪಶ್ಚಿಮಘಟ್ಟದ ಕಪ್ಪೆಗಳಲ್ಲಿಯೂ ಈ ಶಿಲೀಂಧ್ರವನ್ನು ಸಂಶೋಧಕರು ಗುರುತಿಸಿದ್ದಾರೆ. ಹೊರಗಿನ ಹೊಸ ತಳಿಯೊಂದು ಬಂದು ಸೇರಿದರೆ, ಈ ಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ನಮ್ಮ ಹತ್ತಾರು ಕಪ್ಪೆಗಳ ಗತಿಯೇನು?

ಆದುದರಿಂದ ತೊಟ್ಟಿಯ ನೀರನ್ನು ಹಳ್ಳಕ್ಕೆ ಚೆಲ್ಲಬಾರದು. ಬ್ಲೀಚಿಂಗ್ ಪುಡಿ ಬೆರೆಸಿಟ್ಟು, ನೀರಿನ ಸೆಲೆಗಳಿಂದ ದೂರದ ಗುಂಡಿಯಲ್ಲಿ ಇಂಗಿಸಬೇಕು. ಬಲೆ, ಬಕೆಟ್ಟುಗಳನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಸತ್ತ ಪ್ರಾಣಿಯನ್ನು ಬಾವಿ ಕೆರೆಗಳಿಂದ ದೂರ ಆಳವಾಗಿ ಹೂಳಬೇಕು. ಸಾಕಲಾಗದವರು ತಿಳಿದ ಸಾಕುವವರಿಗೆ ಒಪ್ಪಿಸಲಿ. ಆಕ್ಸೊಲಾಟ್ಲ್ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವ ಪ್ರಾಣಿ. 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯಿದೆ ಮತ್ತು 2024ರ ನಿಯಮಗಳ ಪ್ರಕಾರ ಇಂತಹ ಪ್ರಾಣಿ ತಮ್ಮಲ್ಲಿರುವುದನ್ನು ಸಾಕುವವರು ಸರಕಾರಕ್ಕೆ ವರದಿ ಮಾಡಿ ನೋಂದಾಯಿಸಬೇಕು.

ಸೊಚಿಮಿಲ್ಕೊದ ನೀರು ಕೆಟ್ಟದ್ದು ಒಂದೇ ದಿನದಲ್ಲಲ್ಲ. ಯಾರೋ ಏನನ್ನೋ ತಂದು ಸುರಿಯುತ್ತ ಹೋದದ್ದರಿಂದ. ನಮ್ಮ ತೊರೆಗಳಿಗೆ ಆ ಗತಿ ಬಾರದಂತೆ ಕಾಯುವ ಕೆಲಸ ಒಂದು ತೊಟ್ಟಿಯ ನೀರಿನಿಂದಲೇ ಆರಂಭವಾಗಲಿ.

– ಸಂಪಾದಕ ಮಂಡಳಿ