ಸೊಂಟಕ್ಕೆ ಎಂಥ ಪಿಸ್ತೂಲು?

ಪೇಟೆಯ ಒಡವೆ ಅಂಗಡಿಯವರಿಗೂ ಕ್ವಾರಿ ಮಾಲೀಕರಿಗೂ ಈಗ ಒಂದೇ ಚಿಂತೆ: ಅಂಗಿಯೊಳಗೆ ಅಡಗಿಸಿಟ್ಟುಕೊಳ್ಳೋಕೆ ಯಾವ ಪಿಸ್ತೂಲು ಒಳ್ಳೇದು? ಸಿನಿಮಾ ನೋಡಿ 9 ಎಂ.ಎಂ. ಕೇಳುವವರೂ ಇದ್ದಾರೆ. ಅದು ನಿಷೇಧಿತ ಬೋರು; ಜಿಲ್ಲಾಧಿಕಾರಿ ಕೊಡುವ ಲೈಸೆನ್ಸಿಗೆ ಸಿಕ್ಕೋದಿಲ್ಲ. ಉಳಿದದ್ದು ಹೆಚ್ಚಾಗಿ .32. ಕಾನ್ಪುರದ ಸರಕಾರಿ ಕಾರ್ಖಾನೆಯ ಆರು ಗುಂಡಿನ ರಿವಾಲ್ವರ್ ಸುಮಾರು 700 ಗ್ರಾಂ. 2014ರಲ್ಲಿ ಹೆಂಗಸರಿಗೆಂದು ಅಲ್ಲಿಂದಲೇ ಬಂದ ‘ನಿರ್ಭೀಕ್’ ಅರ್ಧ ಕಿಲೋ. ಬೆಲೆ ಮಾತ್ರ ಆಗಲೇ ಲಕ್ಷ ದಾಟಿತ್ತು! ಪಿಸ್ತೂಲು ಚಪ್ಪಟೆ, ಅಂಗಿಯೊಳಗೆ ಅಷ್ಟಾಗಿ ಉಬ್ಬೋದಿಲ್ಲ. ಆದರೆ ಗುಂಡು ಸಿಕ್ಕಿಕೊಂಡರೆ ಬಿಡಿಸಲು ಪಳಗಿದ ಕೈ ಬೇಕು. ರಿವಾಲ್ವರಿಗೆ ಆ ರಗಳೆ ಕಡಿಮೆ.

ಈ ಮಹಾಶಯರಲ್ಲಿ ಪಳಗಿದ ಕೈ ಎಷ್ಟು? 2016ರ ಆಯುಧ ನಿಯಮಗಳು ತರಬೇತಿ ಬೇಕೆನ್ನುತ್ತವೆ. ಸರ್ಟಿಫಿಕೇಟು ಫೈಲು ಸೇರಿದರೆ ಮುಗೀತು. ಪಿಸ್ತೂಲು ತಲೆದಿಂಬಿನಡಿ, ಪಕ್ಕದಲ್ಲೇ ಮಲಗುವ ಮಗು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಕುತ್ತು ತರುವ ಷೋಕಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸಜೆ ಇಟ್ಟಿದೆ. ತಲೆದಿಂಬಿನಡಿ ನೋಡುವವರು ಯಾರು?

ಲೈಸೆನ್ಸಿಗೆ ಮುಂಚೆ ಪೊಲೀಸರು ಅರ್ಜಿದಾರರ ಚಾರಿತ್ರ್ಯದ ಜೊತೆ ಬೀರುವಿನ ಬೀಗವನ್ನೂ ನೋಡಿ ಬರಲಿ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬಂದಾಗ ಗುರಿಯನ್ನೂ ಒಮ್ಮೆ ಪರೀಕ್ಷಿಸಲಿ.