ಆಟದಲ್ಲಿರುವ ಒಗ್ಗಟ್ಟು ತರಗತಿಯಲ್ಲಿ ಏಕಿಲ್ಲ?

'ಮಗ ರಾತ್ರಿ ಎರಡು ಗಂಟೆಯವರೆಗೆ ಆನ್‌ಲೈನ್ ಆಟ ಆಡುತ್ತಾನೆ, ಬೆಳಿಗ್ಗೆ ಕಾಲೇಜಿಗೆ ಏಳುವುದಿಲ್ಲ' ಎಂಬುದು ಇಂದು ಅನೇಕ ಹೆತ್ತವರ ದೂರು. ಮಗನನ್ನು ಬೈಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಅವನನ್ನು ಅಲ್ಲಿ ಹಿಡಿದಿಟ್ಟಿರುವುದು ಏನು?

ಹಲವರು ಒಟ್ಟಾಗಿ ಆಡುವ ಕಂಪ್ಯೂಟರ್ ಆಟಗಳ ಆರಂಭಿಕ ನೆಲೆಗಳಲ್ಲಿ ಒಂದು ವಿಶ್ವವಿದ್ಯಾನಿಲಯವೂ ಇದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿದ 'ಮಡ್' ಎಂಬ ಆಟವನ್ನು ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಆಟಗಾರರಲ್ಲಿ ಕೆಲವರು ಗೆಲ್ಲಲು, ಕೆಲವರು ಹೊಸತನ್ನು ಹುಡುಕಲು, ಕೆಲವರು ಇತರರನ್ನು ಕಾಡಲು ಬಂದರೆ, ಇನ್ನು ಕೆಲವರು ಕೇವಲ ಜನರ ಒಡನಾಟಕ್ಕಾಗಿ ಬರುತ್ತಾರೆ ಎಂದು ಬಾರ್ಟಲ್ 1996ರಲ್ಲಿ ಬರೆದರು. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ ಆರಂಭದ ದೊಡ್ಡ ಕಾಳಗಗಳಿಗೆ 40 ಮಂದಿ ಬೇಕಾಗಿತ್ತು. ಏಟು ತಡೆಯುವವನು ಒಬ್ಬ, ಗಾಯ ವಾಸಿಮಾಡುವವನು ಇನ್ನೊಬ್ಬ. ಒಬ್ಬ ಬಾರದಿದ್ದರೂ ಉಳಿದವರಿಗೆ ತೊಂದರೆ. ನೂರು ಮಂದಿಯ ತರಗತಿಯಲ್ಲಿ ಒಬ್ಬ ಬಾರದಿದ್ದರೆ ಯಾರಿಗೆ ತಿಳಿಯುತ್ತದೆ?

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡುತ್ತಿದ್ದ ಆಟ ವಿನ್ಯಾಸಕ ಲೀ ಶೆಲ್ಡನ್ ಇದನ್ನು ತರಗತಿಗೆ ತಂದರು. ಎಲ್ಲರೂ ಸೊನ್ನೆಯಿಂದ ಆರಂಭ, ತಪ್ಪಿಗೆ ಅಂಕ ಕಳೆಯುವ ಬದಲು ಮಾಡಿದ ಕೆಲಸಕ್ಕೆ ಅಂಕ ಕೂಡಿಸುತ್ತಾ ಹೋಗುವುದು, ವಿದ್ಯಾರ್ಥಿಗಳದ್ದೇ ತಂಡಗಳು. ಹಾಜರಾತಿ, ಫಲಿತಾಂಶ ಎರಡೂ ಸುಧಾರಿಸಿದವು ಎಂದು ಅವರು 2010ರಲ್ಲಿ ಹೇಳಿದರು. ಆದರೆ ಇದು ಪ್ರಯೋಗ ಮಾಡಿದವರ ಮಾತು ಎಂಬುದನ್ನೂ ಮರೆಯಬಾರದು.

ಇದರ ಇನ್ನೊಂದು ಮುಖವನ್ನು ತೋರಿಸಿದವರು ಮೈಕಲ್ ಹ್ಯಾನಸ್ ಮತ್ತು ಜೆಸ್ಸಿ ಫಾಕ್ಸ್. 2015ರಲ್ಲಿ ಪ್ರಕಟವಾದ ಅವರ 16 ವಾರಗಳ ಅಧ್ಯಯನದಲ್ಲಿ ಒಂದು ತರಗತಿಗೆ ಬ್ಯಾಡ್ಜ್ ಮತ್ತು ರ‍್ಯಾಂಕ್ ಪಟ್ಟಿ ನೀಡಲಾಯಿತು, ಇನ್ನೊಂದಕ್ಕೆ ಇಲ್ಲ. ಬ್ಯಾಡ್ಜ್ ಪಡೆದವರ ಆಸಕ್ತಿ ಮತ್ತು ತೃಪ್ತಿ ಕುಗ್ಗಿತು, ಅಂತಿಮ ಪರೀಕ್ಷೆಯ ಅಂಕವೂ ಇಳಿಯಿತು.

ಆಟದ ಹೊರರೂಪವನ್ನಷ್ಟೇ ನಕಲು ಮಾಡಿದರೆ ಪ್ರಯೋಜನವಿಲ್ಲ ಎಂಬುದು ಇದರಿಂದ ಕಲಿಯಬೇಕಾದ ಪಾಠ. ರ‍್ಯಾಂಕ್ ಪಟ್ಟಿ ನಮಗೆ ಹೊಸತೇನೂ ಅಲ್ಲ. ಅದು ಕೊನೆಯ ಬೆಂಚಿನವನನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ್ದನ್ನು ನಾವು ಕಂಡಿದ್ದೇವೆ. ಆಟದಿಂದ ಕಲಿಯಬೇಕಾದುದು ಎರಡು. ಸೋತವನಿಗೆ ಮರಳಿ ಯತ್ನಿಸುವ ಅವಕಾಶ ಮತ್ತು ತಂಡದಲ್ಲಿ ಪ್ರತಿಯೊಬ್ಬನಿಗೂ ಒಂದು ಹೊಣೆ.

ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ, ದುಡ್ಡೂ ಬೇಕಾಗಿಲ್ಲ. ಐದಾರು ವಿದ್ಯಾರ್ಥಿಗಳ ತಂಡ ಮಾಡಿ, ವರ್ಷವಿಡೀ ಬದಲಿಸದೆ ಇಟ್ಟು, ಒಬ್ಬೊಬ್ಬರಿಗೂ ಒಂದೊಂದು ಕೆಲಸ ಒಪ್ಪಿಸಿದರೆ ಸಾಕು. 'ನಿನ್ನೆ ಯಾಕೆ ಬರಲಿಲ್ಲ? ನಿನ್ನನ್ನೇ ಕಾಯುತ್ತಿದ್ದೆವು' ಎಂದು ಕೇಳುವ ಒಬ್ಬ ಗೆಳೆಯನಿದ್ದರೆ ಹುಡುಗ ಬೆಳಿಗ್ಗೆ ತಾನಾಗಿಯೇ ಏಳುತ್ತಾನೆ.