ಬಸುರಿಯ ರಕ್ತವೂ ವ್ರತದ ಲೆಕ್ಕವೂ

ಪರೇಲಿನ ಹಾಫ್‌ಕಿನ್ ಸಂಸ್ಥೆಯನ್ನು ಮುಂಬಯಿಯ ಹಿರಿಯರು ಪ್ಲೇಗಿನ ಲಸಿಕೆಯ ಹೆಸರಿನಿಂದ ಬಲ್ಲರು. ಆ ಹಳೆಯ ಕಟ್ಟಡಕ್ಕೆ ಬಸುರಿಯರ ಸಂಬಂಧದ ಇನ್ನೊಂದು ಚರಿತ್ರೆಯೂ ಉಂಟು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಈ ನಗರಕ್ಕೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಗರ್ಭಿಣಿಯರಾದಾಗ ರಕ್ತ ಬತ್ತಿ ಬಿಳಿಚಿಕೊಳ್ಳುತ್ತಿದ್ದುದೇಕೆ ಎಂಬುದು ಆಕೆಯ ಮುಂದಿದ್ದ ಪ್ರಶ್ನೆ. ಆಕೆ ಸೂಕ್ಷ್ಮದರ್ಶಕವನ್ನಷ್ಟೇ ನಂಬಿ ಕೂರಲಿಲ್ಲ. ಆ ಹೆಂಗಸರು ಏನುಣ್ಣುತ್ತಾರೆ, ಹೇಗೆ ಬಾಳುತ್ತಾರೆ ಎಂಬುದನ್ನೂ ವಿಚಾರಿಸಿದರು. ಅವರ ಊಟದಲ್ಲಿ ಸೊಪ್ಪು, ಹಣ್ಣು, ಸಸಾರಜನಕ ಎಲ್ಲವೂ ಕಡಿಮೆ. ಅಗ್ಗದ ಈಸ್ಟ್ ಸಾರವಾದ ಮಾರ್ಮೈಟನ್ನು ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದರು. ಹತ್ತು ವರ್ಷಗಳ ಬಳಿಕ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟ ಅಂಶಕ್ಕೆ ಮುಂಬಯಿಯ ಗಿರಣಿ ಹೆಂಗಸರೇ ದಾರಿ ತೋರಿಸಿದ್ದರು.

ಇಂದು ಪ್ರತಿಯೊಬ್ಬ ಗರ್ಭಿಣಿಗೂ ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶದ ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ದಿನಕ್ಕೊಂದರಂತೆ ಗರ್ಭಾವಸ್ಥೆಯಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ರಕ್ತಹೀನತೆಯ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. ಫಲವೇನು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ಗರ್ಭಿಣಿಯರಲ್ಲಿ ಶೇಕಡಾ 50.4 ಮಂದಿ ರಕ್ತಹೀನರು. 2019-21ರಲ್ಲಿ ಶೇಕಡಾ 52.2. ಆ ಸಮೀಕ್ಷೆಯನ್ನು ನಡೆಸುವ ಸಂಸ್ಥೆ ಇರುವುದು ನಮ್ಮದೇ ದೇವನಾರಿನಲ್ಲಿ. ಮುಂದಿನ ಸುತ್ತಿನಿಂದ ರಕ್ತಹೀನತೆಯ ಅಳತೆಯನ್ನೇ ಕೈಬಿಡಲಾಯಿತು. ಬೆರಳು ಚುಚ್ಚಿ ತೆಗೆದ ರಕ್ತದ ಅಳತೆ ನಂಬಲರ್ಹವಲ್ಲ, ಬೇರೊಂದು ಸಮೀಕ್ಷೆಯಲ್ಲಿ ರಕ್ತನಾಳದ ರಕ್ತವನ್ನೇ ಪರೀಕ್ಷಿಸುತ್ತೇವೆ ಎಂಬುದು ಕೊಟ್ಟ ಕಾರಣ. ಕಾರಣದಲ್ಲಿ ಹುರುಳಿದೆ, ಒಪ್ಪೋಣ. ಆದರೆ ಸಂಖ್ಯೆ ಏರಿದ ಮೇಲೆಯೇ ತಕ್ಕಡಿಯ ಮೇಲೆ ಅನುಮಾನ ಹುಟ್ಟುವುದು ಆಳುವವರ ಹಳೆಯ ಚಾಳಿ. ಹಂಚಿದ ಮಾತ್ರೆಗಳ ಲೆಕ್ಕ ಸರ್ಕಾರದ ಕಡತದಲ್ಲಿ ಸಿಗುತ್ತದೆ. ನುಂಗಿದ ಮಾತ್ರೆಗಳ ಲೆಕ್ಕ ಮನೆಯವರಿಗೆ ಮಾತ್ರ ಗೊತ್ತು.

ಆದ್ದರಿಂದ ಮಾತು ನಮ್ಮ ಮನೆಗಳ ಕಡೆಗೆ ತಿರುಗಲೇಬೇಕು.

ಡೊಂಬಿವಲಿಯಿಂದಲೋ ಬೋರಿವಲಿಯಿಂದಲೋ ಬೆಳಿಗ್ಗೆ ಲೋಕಲ್ ಹತ್ತುವ ನಮ್ಮ ಸಮಾಜದ ಬಸುರಿ ಸೊಸೆಯೊಬ್ಬಳ ದಿನವನ್ನು ನೆನೆಯಿರಿ. ಅವಸರದ ತಿಂಡಿ, ಅದರೊಡನೆ ಚಹಾ. ಮಧ್ಯಾಹ್ನ ಡಬ್ಬಿಯ ಎರಡು ಚಪಾತಿ, ಪಲ್ಯ. ಮತ್ತೆ ಚಹಾ. ಡಿಸೆಂಬರಿನ ಆರಂಭದಲ್ಲಿ ಮುಂಬಯಿಯ ಸೂರ್ಯ ಆರು ಗಂಟೆಯ ಸುಮಾರಿಗೇ ಮುಳುಗುತ್ತಾನೆ. ಅವಳು ಮನೆ ಸೇರುವುದು ಏಳೂವರೆಗೆ. ರಾತ್ರಿಭೋಜನ ತ್ಯಾಗದ ನಿಯಮವಿದ್ದರೆ ಅಂದಿನ ಊಟ ಅಲ್ಲಿಗೆ ಮುಗಿಯಿತು. ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿ ಇಲ್ಲ, ಚಾತುರ್ಮಾಸದಲ್ಲಿ ಸೊಪ್ಪು ಇಲ್ಲ. ಒಂದೊಂದು ನಿಯಮವೂ ತನ್ನಷ್ಟಕ್ಕೆ ಅರ್ಥವುಳ್ಳದ್ದೇ. ಬಿಸಿಲಿನ ಅಂಗಳವಿದ್ದ, ಸಂಜೆ ಐದಕ್ಕೆ ಒಲೆ ಹೊತ್ತಿಸುತ್ತಿದ್ದ ಕಾರ್ಕಳದ ಮನೆಯಲ್ಲಿ ಅವು ಹೊರೆಯಾಗಿರಲಿಲ್ಲ. ಲೋಕಲ್ ರೈಲಿನ ವೇಳಾಪಟ್ಟಿಗೆ ಅದೇ ನಿಯಮಗಳನ್ನು ಕಟ್ಟಿದಾಗ ಬಸುರಿ ದಿನಕ್ಕೆ ಒಂದೂವರೆ ಊಟದಲ್ಲಿ ಉಳಿಯುತ್ತಾಳೆ. ಒಂದು ಗರ್ಭಾವಸ್ಥೆಗೆ ಬೇಕಾದ ಕಬ್ಬಿಣ ಸುಮಾರು 1000 ಮಿಲಿಗ್ರಾಂ.

ಆಗ ನೆರೆಮನೆಯವರು ಹೇಳುವ ಮಾತೊಂದಿದೆ: ನೀವು ಬೀಟ್‌ರೂಟ್ ತಿನ್ನುವುದಿಲ್ಲ, ಅದಕ್ಕೇ ರಕ್ತವಿಲ್ಲ. ಇದು ಬಣ್ಣಕ್ಕೆ ಮರುಳಾದ ನಂಬಿಕೆ. ಬೀಟ್‌ರೂಟಿನಲ್ಲಿ ಕಬ್ಬಿಣ ತೀರ ಕಡಿಮೆ. ಕಂದಮೂಲ ಬಿಟ್ಟದ್ದರಿಂದ ನಮಗಾದ ನಷ್ಟ ಅಷ್ಟೇನೂ ಇಲ್ಲ. ಹುರುಳಿ, ರಾಗಿ, ಎಳ್ಳು, ರಾಜಗಿರಿ, ಬಾಣಂತಿಗೆಂದೇ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಮಾಡುವ ಅಳವಿಯ ಉಂಡೆ, ಇವೆಲ್ಲ ನಮ್ಮ ಅಡುಗೆಮನೆಗೆ ಒಗ್ಗುವಂಥವು. ಸಸ್ಯಾಹಾರದ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲವೆಂಬುದು ಮಾತ್ರ ನಿಜ. ನಿಂಬೆಹಣ್ಣು, ನೆಲ್ಲಿಕಾಯಿ ಅದನ್ನು ಹತ್ತಿಸುತ್ತವೆ. ಊಟದೊಡನೆ ಕುಡಿಯುವ ಚಹಾ ಕಾಫಿ ತಡೆಯುತ್ತವೆ. ಹಾಲನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯೊಡನೆ ತೆಗೆದುಕೊಳ್ಳಬಾರದು. ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ, ಮಲ ಕಪ್ಪಾಗುತ್ತದೆ. ಇದಕ್ಕೆ ಹೆದರಿ ಮಾತ್ರೆಯನ್ನು ಸದ್ದಿಲ್ಲದೆ ಡಬ್ಬಿಯಲ್ಲೇ ಬಿಡುವ ಸೊಸೆಯಂದಿರು ಎಷ್ಟೋ. ವೈದ್ಯರಿಗೆ ಹೇಳಿದರೆ ಬೇರೆ ಲವಣದ ಮಾತ್ರೆ ಸಿಗುತ್ತದೆ. ಕೊರತೆ ಹೆಚ್ಚಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಕ್ರಮವೂ ಇದೆ. ಸಾಲದೆಂದರೆ, ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಲೂಸಿ ವಿಲ್ಸ್ ಕಂಡದ್ದು ಅದನ್ನೇ. ಕಟ್ಟುನಿಟ್ಟಿನ ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯೂ ಸಾಮಾನ್ಯ. ಆದ್ದರಿಂದ ವೈದ್ಯರನ್ನು ಕೇಳಿ ಅದನ್ನೂ ಪರೀಕ್ಷಿಸಿಕೊಳ್ಳುವುದು ಒಳಿತು.

ಹಿರಿಯರ ಇನ್ನೊಂದು ಅಳುಕಿಗೂ ಉತ್ತರ ಹೇಳಬೇಕು. ಕಸಾಯಿಖಾನೆಯ ರಕ್ತದಿಂದ ತೆಗೆದ ಹಿಮೋಗ್ಲೋಬಿನ್ ಬೆರೆಸಿದ ಟಾನಿಕ್ಕುಗಳು ಈ ದೇಶದಲ್ಲಿ ಒಮ್ಮೆ ಮಾರಾಟವಾಗುತ್ತಿದ್ದುದು ಸುಳ್ಳಲ್ಲ. ಅಂಥ ಬೆರಕೆ ಔಷಧಗಳು ಈಗ ಕೇಂದ್ರ ಸರ್ಕಾರದ ನಿಷೇಧದ ಪಟ್ಟಿಯಲ್ಲಿವೆ. ಫೆರಸ್ ಸಲ್ಫೇಟ್ ಖನಿಜದ ಲವಣ, ಜೀವಿಯ ಅಂಶವಲ್ಲ. ಕ್ಯಾಪ್ಸೂಲಿನ ಜೆಲಟಿನ್ ಹೊದಿಕೆ ಬೇಡವೆಂದರೆ ಮಾತ್ರೆಯನ್ನೇ ಕೇಳಿ ಪಡೆಯಬಹುದು. ಅಹಿಂಸೆಯ ಹೆಸರಿನಲ್ಲಿ ಮದ್ದನ್ನೇ ನಿರಾಕರಿಸುವವರು ಎರಡು ಜೀವಗಳ ಹಿಂಸೆಯನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಅದು ತೀವ್ರ. ಅಂಥವಳಿಗೆ ಹೆರಿಗೆಯ ವೇಳೆ ಸಾಮಾನ್ಯ ರಕ್ತಸ್ರಾವವೂ ಪ್ರಾಣಾಂತಿಕವಾಗಬಹುದು. ಮಗು ದಿನ ತುಂಬುವ ಮೊದಲೇ, ತೂಕ ಸಾಲದೆ ಹುಟ್ಟುವ ಸಂಭವವೂ ಹೆಚ್ಚು.

ಶಾಸ್ತ್ರ ಇದಕ್ಕೆ ಅಡ್ಡಬರುತ್ತದೆಯೇ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಎಣಿಸುವ ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಗೆ ತಕ್ಕಂತೆ ಎಂದರ್ಥ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವರಿಗೆ ಶಾಲು ಹೊದಿಸುವ ನಮ್ಮ ಸಂಘಗಳು ಈ ವಿಶೇಷಣವನ್ನು ಮರೆತಿವೆ. ಬಸುರಿ ಉಪವಾಸಕ್ಕೆ ಕುಳಿತರೆ ಮೆಚ್ಚುವವರಿದ್ದಾರೆ. ಬೇಡವೆನ್ನುವ ಅಧಿಕಾರ ಆಕೆಗೆ ಇದೆಯೆಂದು ಅತ್ತೆಯ ಮುಂದೆ ಹೇಳುವವರಿಲ್ಲ. ಆ ಮಾತನ್ನು ಮುನಿಗಳೂ ಭಟ್ಟಾರಕರೂ ಪ್ರವಚನದಲ್ಲಿ ಸ್ಪಷ್ಟವಾಗಿ ಆಡಲೆಂದು ನಾವು ಕೋರುತ್ತೇವೆ. ಗಂಡಂದಿರಿಗೂ ಒಂದು ಮಾತು: ಮಾತ್ರೆಯ ನೆನಪು ಮಾಡುವುದು ಹೆಂಗಸರ ಕೆಲಸವೆಂದು ಯಾವ ಆಗಮದಲ್ಲೂ ಬರೆದಿಲ್ಲ.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ಪರ್ವಕ್ಕೆ ಮುಂಚಿನ ಅಂಥ ಒಂದು ದಿನ, ಮುಂಬಯಿಯ ನಮ್ಮ ಸಂಘಗಳು ಪೆಂಡಾಲಿನ ಮುಂಗಡ ಕೊಡಲು ಹೊರಡುವ ಮೊದಲು, ತಮ್ಮ ಬಡಾವಣೆಯ ಬಸುರಿಯರನ್ನು ಅಲ್ಲಿಗೆ ಕರೆದೊಯ್ಯಲಿ. ರಿಕ್ಷಾದ ಬಾಡಿಗೆಯನ್ನು ಸಂಘವೇ ಕೊಡಲಿ.